ಹದಿಮೂರರ ತಂತಿಯ ಮೇಷ್ಟ್ರು

ನಮ್ಮ ಬೀದಿಯ ಗಿಟಾರ್ ಮೇಷ್ಟ್ರು ಶಿಷ್ಯರ ಯೋಗ್ಯತೆಯನ್ನು ಅವರ ಬೆರಳ ತುದಿ ಮುಟ್ಟಿ ಅಳೆಯುತ್ತಿದ್ದರು. ಚರ್ಮ ಗಟ್ಟಿಯಾಗಿದ್ದರೆ "ಪರವಾಗಿಲ್ಲ." ಮೆತ್ತಗಿದ್ದರೆ "ಮನೇಲಿ ನಿದ್ದೆ ಮಾಡ್ತಿದ್ದೆಯಾ?" ಇಪ್ಪತ್ತೆರಡು ವರ್ಷ ಇದೇ ದರ್ಬಾರು. ಮಕ್ಕಳಿಗೆಲ್ಲ ಕಡ್ಡಾಯವಾಗಿ ಹದಿಮೂರರ ತಂತಿ, ಅಂದರೆ ಅಂಗಡಿಯಲ್ಲಿ ಸಿಗುವುದರಲ್ಲೇ ದಪ್ಪದ್ದು. ತೆಳ್ಳಗಿನ ಹತ್ತರ ತಂತಿಯ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದರು. "ಅದು ಸೋಮಾರಿಗಳಿಗೆ. ನಾನೇನು ಸುಖವಾಗಿ ಕಲಿತೆನಾ?" ಅವರ ಗಿಟಾರನ್ನು ಮಾತ್ರ ಯಾರೂ ಮುಟ್ಟುವ ಹಾಗಿರಲಿಲ್ಲ. ನಾವೆಲ್ಲ ಅದನ್ನು ಭಕ್ತಿ ಅಂದುಕೊಂಡಿದ್ದೆವು, ದಡ್ಡರು.

ನಾನು ಗಿಟಾರ್ ರಿಪೇರಿ ಮಾಡುವವಳು. ನನ್ನ ತಂಗಿಯ ಮಗಳು, ಹನ್ನೊಂದು ವರ್ಷದ ಪುಟ್ಟಿ, ಎರಡು ವರ್ಷದಿಂದ ಅವರ ಹತ್ತಿರ ಕಲಿಯುತ್ತಿದ್ದಳು. ತೋರುಬೆರಳೊಂದರಲ್ಲೇ ಆರೂ ತಂತಿ ಒತ್ತಿ ಹಿಡಿದು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್ ಅವಳಿಗೆ ಬರುತ್ತಿರಲಿಲ್ಲ. ಹೇಗೆ ಬಂದೀತು? ಅವಳ ಗಿಟಾರಿನ ಕತ್ತು, ಅಂದರೆ ನೆಕ್, ಅವಳ ಹಿಡಿತಕ್ಕೇ ಸಿಗದಷ್ಟು ದಪ್ಪ, ತಂತಿಗಳೋ ಅದರಿಂದ ಅಷ್ಟೆತ್ತರ. ತಂತಿ ಇಳಿಸಿಕೊಡುತ್ತೇನೆ ಎಂದರೆ ತಂಗಿ ಬಿಡಲಿಲ್ಲ.

"ಮೇಷ್ಟ್ರು ಬೇಡ ಅಂದಿದಾರೆ ಅಕ್ಕ. ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ?"

ಶನಿವಾರದೊಳಗೆ ಆ ಕಾರ್ಡ್ ಬರದಿದ್ದರೆ ಕ್ಲಾಸಿನಿಂದ ತೆಗೆಯುತ್ತೇನೆ ಎಂದು ಮೇಷ್ಟ್ರು ಹೇಳಿದ ಮೇಲೆ ಹುಡುಗಿ ಸರಿಯಾಗಿ ಊಟವನ್ನೂ ಮಾಡಲಿಲ್ಲ. "ನನ್ನ ಕೈಯೇ ಸರಿ ಇಲ್ಲ ದೊಡ್ಡಮ್ಮ," ಎನ್ನುತ್ತಿದ್ದಳು.

ಗುರುವಾರ ಮೇಷ್ಟ್ರ ಗಿಟಾರಿನಲ್ಲಿ ತಂತಿ ಬಿಗಿಯುವ ಕೀಲಿ ಮುರಿಯಿತು. ಬೇರೆ ದಾರಿಯಿಲ್ಲದೆ ನನ್ನ ಅಂಗಡಿಗೆ ತಂದು, "ಕೀಲಿ ಮಾತ್ರ ಹಾಕಮ್ಮ, ಬೇರೆ ಏನೂ ಮುಟ್ಟಬೇಡ," ಎಂದು ಮೂರು ಸಲ ಹೇಳಿ ಹೋದರು. ಹೊಸ ಕೀಲಿಗೆ ತಂತಿ ಸುತ್ತುವಾಗಲೇ ಬೆರಳಿಗೆ ತಿಳಿಯಿತು. ಅಳೆದು ನೋಡಿದೆ. ಹತ್ತರ ತಂತಿ. ನೆಕ್ಕಿನ ಹಿಂಬದಿಯನ್ನು ಉಜ್ಜಿಸಿ, ತೆಳ್ಳಗೆ ಮಾಡಿಸಿ, ಮತ್ತೆ ಪಾಲಿಶ್ ಹೊಡೆಸಿದ್ದರು. ತಂತಿಯ ಅಡಿ ಒಂದು ನಾಣ್ಯ ತೂರಿಸಲೂ ಜಾಗವಿಲ್ಲ. ಎಂಥ ತಪಸ್ಸು, ಎಂಥ ತ್ಯಾಗ. ನನಗೆ ಮೈಯೆಲ್ಲ ಉರಿದುಹೋಯಿತು.

ಪುಟ್ಟಿಗೆ ಅವಳ ಗಿಟಾರನ್ನೂ ತೆಗೆದುಕೊಂಡು ಬರಲು ಹೇಳಿಕಳಿಸಿದೆ. ಬಂದವಳ ತೊಡೆಯ ಮೇಲೆ ಮೇಷ್ಟ್ರದ್ದನ್ನು ಇಟ್ಟೆ. ಹೆದರುತ್ತಲೇ ಆ ಕಾರ್ಡ್ ಹಿಡಿದು ಮೀಟಿದಳು. ಆರೂ ತಂತಿ ಸ್ಪಷ್ಟವಾಗಿ ನುಡಿದವು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ, ಅಳತೊಡಗಿದಳು.

"ಎರಡು ವರ್ಷ ಸುಮ್ಮಸುಮ್ಮನೆ ಬೈಸಿಕೊಂಡೆನಲ್ಲ ದೊಡ್ಡಮ್ಮ."

ಅಷ್ಟರಲ್ಲಿ ಮೇಷ್ಟ್ರು ಬಂದರು. ತಮ್ಮ ಗಿಟಾರ್ ಯಾರ ತೊಡೆಯ ಮೇಲಿದೆ ಎಂದು ನೋಡಿದ್ದೇ ಅವರ ಮುಖ ಹುಳ್ಳಗಾಯಿತು.

"ವಯಸ್ಸಾಯ್ತಲ್ಲಮ್ಮ, ಬೆರಳ ಗಂಟು ನೋಯ್ತವೆ."

"ಈ ಪಾಲಿಶ್ ಹೊಡೆದು ಹದಿನೈದು ವರ್ಷವಾದ್ರೂ ಆಗಿದೆ ಮೇಷ್ಟ್ರೇ," ಎಂದೆ. "ಆಗ ನಿಮಗೆ ಮೂವತ್ತೈದು."

ಪುಟ್ಟಿ ಕಣ್ಣೊರೆಸಿಕೊಂಡು ಗಿಟಾರನ್ನು ಜೋಪಾನವಾಗಿ ಅವರ ಕೈಗೆ ಕೊಟ್ಟಳು.

"ಶನಿವಾರ ನಾನು ಬರಲ್ಲ ಮೇಷ್ಟ್ರೇ."

"ಕಲಿಯೋದೇ ಬಿಡ್ತೀಯಾ?"

"ನಿಮ್ಮ ಹತ್ರ ಕಲಿಯೋದು ಬಿಡ್ತೀನಿ."

ಮೇಷ್ಟ್ರು ನನ್ನ ಕಡೆ ನೋಡಿದರು, ನಾನಾದರೂ ಹುಡುಗಿಗೆ ಬುದ್ಧಿ ಹೇಳಲಿ ಎಂಬಂತೆ. ನಾನು ಅವಳ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ದಪ್ಪ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ಕತ್ತರಿಸತೊಡಗಿದೆ.