ನೀರುಗಂಟಿ ಮುಚ್ಚಿದ ಬಿಲಗಳು

ಹೊಸಕೋಟೆಗೆ ಎರಡು ಹರದಾರಿ ದೂರದ ನಮ್ಮೂರಲ್ಲಿ ಚಿಕ್ಕಬೀರಪ್ಪನವರ ಮನೆಯವರದು ನೀರುಗಂಟಿ ಕೆಲಸ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು, ಏರಿ ಕಾಯುವುದು. ಏರಿಗೆ ದೊಡ್ಡ ಶತ್ರು ಏಡಿ. ಅದು ಕೊರೆದ ಹೆಬ್ಬೆರಳು ಗಾತ್ರದ ಬಿಲದಲ್ಲಿ ನೀರು ನುಸುಳತೊಡಗಿದರೆ ಎರಡೇ ದಿನಕ್ಕೆ ಎತ್ತು ನುಗ್ಗುವಷ್ಟು ಕಂಡಿ ಬೀಳುತ್ತದೆ. ಅವರ ತಂದೆಯ ಕಾಲದಲ್ಲಿ ಹಾಗೊಮ್ಮೆ ಏರಿ ಒಡೆದು, ಕೆಳಗೆ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಕೊಚ್ಚಿಹೋಗಿದ್ದಳು. ಅಂದಿನಿಂದ ಆ ಮನೆಯವರು ಏಡಿ ಬಿಲ ಕಂಡರೆ ಜೇಡಿಮಣ್ಣಿನ ಉಂಡೆ ತುರುಕಿ, ಹಿಮ್ಮಡಿಯಲ್ಲಿ ತುಳಿದಲ್ಲದೆ ಮುಂದೆ ಹೋಗುತ್ತಿರಲಿಲ್ಲ.

ತೂಬಿನ ಕೆಲಸ ತಮ್ಮನಿಗೆ ಬಿಟ್ಟು ಚಿಕ್ಕಬೀರಪ್ಪನವರು ೧೯೬೬ರಲ್ಲಿ ಬೆಂಗಳೂರಿನ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಹಂಗಾಮಿ ಅಟೆಂಡರಾಗಿ ಸೇರಿದರು. ನಾಲ್ಕನೇ ಕ್ಲಾಸು ಓದಿದ್ದರು, ಬರವಣಿಗೆ ದುಂಡಗಿತ್ತು. ಮೂರು ವರ್ಷ ಕಳೆದರೆ ಕಾಯಂ ಆಗುತ್ತದೆಂದು ಆಫೀಸಿನವರು ಹೇಳಿದ್ದರು. ಮನೆಯವರೆಲ್ಲ ಅದನ್ನೇ ನಂಬಿಕೊಂಡಿದ್ದರು.

ಅಲ್ಲಿನ ಲೆಕ್ಚರರ್ ಹನುಮಂತರಾಯಪ್ಪನವರು ಪಶ್ಚಿಮ ಕರಾವಳಿಯ ಒಂದು ಅಳಿವೆಯಲ್ಲಿ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಅಧ್ಯಯನ ಮಾಡುತ್ತಿದ್ದರು. ಕೆಸರಿನಲ್ಲಿ ಗೂಟ ಹೊಡೆದು ಆರು ಚೌಕ ಮಾಡಿದ್ದರು. ೧೯೬೮ರ ಆಗಸ್ಟಿನಲ್ಲಿ ಚಿಕ್ಕಬೀರಪ್ಪನವರನ್ನು ಅಲ್ಲಿ ಬಿಟ್ಟು, ದಿನಾ ಇಳಿತದ ಹೊತ್ತಿನಲ್ಲಿ ಸಸಿಗಳ ಎತ್ತರ ಅಳೆದು ಪುಸ್ತಕದಲ್ಲಿ ಬರೆಯಲು ಹೇಳಿ ಹೋದರು.

ಆ ಕೆಸರಿನ ತುಂಬಾ ಏಡಿ ಬಿಲ. ನಾಲ್ಕನೇ ಚೌಕದ ಪಕ್ಕದಲ್ಲೇ ಅಲ್ಲಿನ ರೈತರೊಬ್ಬರ ಗದ್ದೆಯ ಮಣ್ಣಿನ ಕಟ್ಟೆ. ಚಿಕ್ಕಬೀರಪ್ಪನವರಿಗೆ ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಯಾರೂ ಹೇಳದಿದ್ದರೂ ಆ ಚೌಕದ ಬಿಲಗಳನ್ನೆಲ್ಲ ಮುಚ್ಚಿದರು. ಏಡಿಗಳು ಮತ್ತೆ ತೋಡಿದವು, ಇವರು ಮತ್ತೆ ತುಳಿದರು. ಮೂರು ತಿಂಗಳು ಹೀಗೇ ನಡೆಯಿತು.

ಮೇಷ್ಟ್ರು ಬಂದು ನೋಡಿದಾಗ ಐದು ಚೌಕ ಹಸಿರಾಗಿದ್ದವು. ನಾಲ್ಕನೆಯದರಲ್ಲಿ ಸಸಿಗಳು ಹಳದಿ ತಿರುಗಿದ್ದವು. ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಪಕ್ಕದ ರೈತ ಗದ್ದೆಗೆ ಹೊಡೆದ ಕೀಟನಾಶಕ ಹರಿದು ಬಂದಿದೆ ಎಂದುಕೊಂಡ ಅವರು, ಆ ರೈತನ ಹೆಸರು ಕೇಳಿ, ಪುಸ್ತಕ ತೆರೆದು ಪೆನ್ನು ತೆಗೆದರು.

ಚಿಕ್ಕಬೀರಪ್ಪನವರು ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

"ಬರೀಬ್ಯಾಡಿ ಸಾರ್. ಅವರದೇನೂ ತಪ್ಪಿಲ್ಲ. ಬಿಲ ಮುಚ್ಚಿದೋನು ನಾನು."

ಮೇಷ್ಟ್ರು ಪೆನ್ನು ಮುಚ್ಚಿದರು. ಆಮೇಲೆ ಐದನೇ ಚೌಕದ ಒಂದು ಬಿಲವನ್ನು ಕೈಯಿಂದ ಬಗೆದು ತೋರಿಸಿದರು. ಒಳಗೋಡೆಯ ಮಣ್ಣು ಕಂದು ಬಣ್ಣಕ್ಕಿತ್ತು, ವಾಸನೆ ಇರಲಿಲ್ಲ. ಏಡಿ ತೋಡಿದ ದಾರಿಯಲ್ಲೇ ಗಾಳಿ, ನೀರು ಕೆಳಗಿಳಿದು ಬೇರಿಗೆ ಉಸಿರು ಸಿಗುತ್ತದೆ, ಅದು ಒಳಗೆಳೆದುಕೊಳ್ಳುವ ತರಗೆಲೆ ಗೊಬ್ಬರವಾಗುತ್ತದೆ ಎಂದು ವಿವರಿಸಿದರು. ಆಮೇಲೆ ಯಾವ್ಯಾವ ದಿನ ಮುಚ್ಚಿದ್ದೆಂದು ಕೇಳಿದರು. ಚಿಕ್ಕಬೀರಪ್ಪನವರು ಅಮಾವಾಸ್ಯೆ, ಹುಣ್ಣಿಮೆ ಹಿಡಿದು ಒಂದೂ ಬಿಡದೆ ಹೇಳಿದರು.

ಮೇಷ್ಟ್ರ ವರದಿಯಲ್ಲಿ ಇದ್ದದ್ದು ಇದ್ದ ಹಾಗೇ ಇತ್ತು. ಅದನ್ನು ಓದಿದ ಆಫೀಸಿನವರು ಪ್ರಯೋಗ ಕೆಡಿಸಿದ ಆಳು ಎಂದು ಟಿಪ್ಪಣಿ ಹಾಕಿದರು. ಮೇಷ್ಟ್ರು ಹೋಗಿ ಹೇಳಿದರೂ ನಡೆಯಲಿಲ್ಲ. ಕಾಯಂ ಆದವರ ಪಟ್ಟಿಯಲ್ಲಿ ಚಿಕ್ಕಬೀರಪ್ಪನವರ ಹೆಸರು ಬರಲಿಲ್ಲ.

ಹೆಂಡತಿ ಮುತ್ತಮ್ಮ ರಾಗಿ ಬೀಸುತ್ತಾ ಒಂದೇ ಮಾತು ಕೇಳಿದರಂತೆ: "ಸುಮ್ಕಿದ್ದಿದ್ರೆ ಏಡಿಕಾಯಿ ಬಂದು ಸಾಕ್ಷಿ ಹೇಳ್ತಿತ್ತಾ?"

"ಆ ರೈತನ ಹೆಸರು ಪುಸ್ತಕಕ್ಕೆ ಹೋಗ್ತಿತ್ತು ಕಣೆ," ಎಂದರಂತೆ ಇವರು. ಏರಿ ಒಡೆದದ್ದಕ್ಕೆ ನಮ್ಮಪ್ಪನ ಹೆಸರು ಇವತ್ತಿಗೂ ಊರವರ ಬಾಯಲ್ಲಿ ಇಲ್ಲವೇ, ಹಾಗೆ ಎಂದೂ ಅಂದರಂತೆ.

ಒಂದು ಸಲ ಕಂಡದ್ದು ಸಾಲದು, ಇನ್ನೊಮ್ಮೆ ನೋಡಬೇಕು ಎಂದು ಮೇಷ್ಟ್ರು ಮರುವರ್ಷ ಎರಡು ಚೌಕಗಳನ್ನು ಬೇಕೆಂದೇ ಮುಚ್ಚಿಸಲು ಹೊರಟರು. ಆ ಕೆಲಸ ಬೇರೆಯವರಿಗೆ ಕೊಡಿ, ತೆರೆದಿರೋ ಚೌಕಗಳನ್ನ ನಾನು ನೋಡಿಕೊಳ್ಳುತ್ತೇನೆ ಎಂದು ಚಿಕ್ಕಬೀರಪ್ಪನವರು ಕೇಳಿಕೊಂಡರು.

"ನಿನ್ನಷ್ಟು ಗಟ್ಟಿಯಾಗಿ ಯಾರು ಮುಚ್ತಾರಪ್ಪಾ? ಕೈ ಬದಲಾದ್ರೆ ಹೋದ ವರ್ಷದ್ದಕ್ಕೂ ಇದಕ್ಕೂ ತಾಳೆ ಬೀಳಲ್ಲ," ಎಂದರು ಮೇಷ್ಟ್ರು.

ಇವರೇ ಮುಚ್ಚಿದರು. ಅದೇ ವಿಭಾಗದಲ್ಲಿ ನಾನು ಬಿ.ಎಸ್ಸಿ. ಓದುವಾಗ, ೧೯೭೪ರಲ್ಲಿ, ಆ ಮರುವರ್ಷದ ಪುಸ್ತಕ ನೋಡಿದೆ. ಚಿಕ್ಕಬೀರಪ್ಪನವರು ಆಗಲೂ ಹಂಗಾಮಿಯೇ. ಪುಟ ಪುಟದಲ್ಲೂ ಅವರ ದುಂಡು ಅಕ್ಷರ: ಇಷ್ಟು ಬಿಲ, ಮುಚ್ಚಿದೆ. ಕೊನೆಯ ದಿನದ ಸಾಲು ಹೀಗಿತ್ತು: "ಮಣ್ಣು ಕಪ್ಪು. ಸಸಿ ಒಂಬತ್ತು ಸತ್ತಿವೆ. ಮುಚ್ಚಿದವನು ಚಿಕ್ಕಬೀರಪ್ಪ."