ಅತ್ತೆಯ ಫ್ಲಾಸ್ಕು ಮತ್ತು ಹಗ್ಗ ಕಟ್ಟಿದ ಚಹಾ ಪೆಟ್ಟಿಗೆ

ಗೆಳೆಯರೇ, ಮನೆಗೆ ಬಂದು ಎರಡು ಗಂಟೆಯಾದರೂ ಸಿಟ್ಟು ಇಳಿದಿಲ್ಲ. ಬ್ರಿಟಿಷರ ತೆರಿಗೆ ವಿರೋಧಿಸಿ ಅಮೆರಿಕದವರು ಚಹಾವನ್ನು ಸಮುದ್ರಕ್ಕೆಸೆದ ಕಥೆ ಹೇಳುವ ಮಾದರಿ ಹಡಗೊಂದು ಅಮೆರಿಕದಲ್ಲಿ ನಾವಿರುವ ಊರಿನ ಬಂದರಿನಲ್ಲೇ ನಿಂತಿದೆ. ಕುಂದಾಪುರದಿಂದ ಬಂದಿರುವ ಅತ್ತೆಯನ್ನು ಇವತ್ತು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅತ್ತೆ ಹೊರಗಿನ ಚಹಾ ಮುಟ್ಟುವವರಲ್ಲ. ಶುಂಠಿ ಜಜ್ಜಿ ಹಾಕಿದ ಚಾ ಫ್ಲಾಸ್ಕಿನಲ್ಲಿತ್ತು.

ಬಾಗಿಲಲ್ಲೇ ಸೆಕ್ಯೂರಿಟಿಯವನು ತಡೆದ. “ಹೊರಗಿನ ಡ್ರಿಂಕ್ಸ್ ಬಿಡಲ್ಲ ಮೇಡಂ, ಚೆಲ್ಲಿ ಬನ್ನಿ. ಒಳಗೆ ಕೆಫೆಯಲ್ಲಿ ಟೀ ಸಿಗುತ್ತೆ.”

“ಎಂತಕ್ಕೆ ಚೆಲ್ಲೂದು? ಕುಡೂಕಲ್ದಾ ಮಾಡದ್ದು?” ಎಂದರು ಅತ್ತೆ.

“ಬಲವಂತದ ಟೀ ಬೇಡ ಅಂತ ತಾನೇ ಈ ಹಡಗಲ್ಲಿ ಜಗಳ ಆಗಿದ್ದು?” ಎಂದು ನಾನು ರೇಗಿದೆ.

“ರೂಲ್ಸ್, ಮೇಡಂ.”

ಹಿಂದೆ ಕ್ಯೂ ಬೆಳೆಯುತ್ತಿತ್ತು. ಫ್ಲಾಸ್ಕನ್ನು ಚರಂಡಿಗೆ ಬಗ್ಗಿಸಿದೆ. ಅತ್ತೆ ಮುಖ ತಿರುಗಿಸಿಕೊಂಡರು.

ಒಳಗೆ, ಹಳೇ ಕಾಲದ ಟೋಪಿ ತೊಟ್ಟ ಗೈಡ್ ಹುಡುಗಿ ನನ್ನ ಕೈಗೆ ಚಹಾ ಪೆಟ್ಟಿಗೆ ಕೊಟ್ಟು, “ಸಿಟ್ಟಿನಿಂದ ಎಸೀರಿ!” ಎಂದಳು. ಅಷ್ಟು ಮನಸಾರೆ ಎಸೆದವರನ್ನು ಅವಳು ನೋಡಿರಲಿಕ್ಕಿಲ್ಲ. ಆದರೆ ಪೆಟ್ಟಿಗೆಗೆ ಹಗ್ಗ ಕಟ್ಟಿದ್ದರು. ಮುಂದಿನವರು ಎಸೆಯಲೆಂದು ಅದನ್ನು ಮೇಲಕ್ಕೆಳೆದುಕೊಂಡರು.

ಅವರ ಖಾಲಿ ಪೆಟ್ಟಿಗೆ ದಿನಕ್ಕೆ ನೂರು ಸಲ ನೀರಿಗೆ ಬಿದ್ದು ವಾಪಸ್ ಬರುತ್ತದೆ. ಅತ್ತೆಯ ಚಾ ಮಾತ್ರ ಹೋದದ್ದು ಹೋಯಿತು.