ಚಾವಣಿಯ ಮೇಲೊಬ್ಬಳು, ಕೆಳಗೊಬ್ಬ

ಎಲ್ಕೋ ಊರಿನ ಹೆದ್ದಾರಿ ಪಕ್ಕದ ಟೈರು ಅಂಗಡಿಯ ಹಿಂಭಾಗದಲ್ಲಿ ನೆಡ್ರಾ ಬಿಂಗಮ್‌ಳಿಗೆ ಹದಿನೆಂಟು ವರ್ಷಗಳಿಂದ ಒಂದೇ ಕೆಲಸ. ಗಾಡಿಯ ಚಾವಣಿಯ ಎರಡೂ ಅಂಚಿಗೆ ಉದ್ದನೆಯ ಕಂಬಿ ಬಿಗಿಯುವುದು, ಅದರ ಮೇಲೆ ಅಡ್ಡ ಸರಳು ಹಾಕುವುದು, ಸರಳುಗಳ ಮೇಲೆ, ರಾತ್ರಿ ಅಲ್ಲೇ ಬಿಚ್ಚಿಕೊಂಡು ಮಲಗಲು, ಮಡಚಿಟ್ಟ ಡೇರೆಯನ್ನು ಕೂರಿಸುವುದು. ರೀನೋದಿಂದಲೋ ಸಾಲ್ಟ್ ಲೇಕ್‌ನಿಂದಲೋ ಬೆಳಿಗ್ಗೆ ಬಂದ ಹರೆಯದ ಜೋಡಿಗಳು ಮಧ್ಯಾಹ್ನದ ಹೊತ್ತಿಗೆ ತಲೆಯ ಮೇಲೆ ಹಾಸಿಗೆ ಹೊತ್ತುಕೊಂಡು ರೂಬಿ ಬೆಟ್ಟಗಳ ಕಡೆಗೆ ಹೊರಟುಬಿಡುತ್ತಿದ್ದರು. ಕೊನೆಯ ಬೋಲ್ಟು ಬಿಗಿದಾದ ಮೇಲೆ ನೆಡ್ರಾ ಎಲ್ಲರನ್ನೂ ಒಂದು ಮಾತು ಕೇಳುತ್ತಿದ್ದಳು: ಇವತ್ತು ಎಲ್ಲಿ ಮಲಗುತ್ತೀರಿ? ಅವರು ಹೇಳುತ್ತಿದ್ದರು. ಲಮಾಯ್ಲ್ ಕಣಿವೆ, ಜಾರ್ಬಿಜ್ ಹೊಳೆಯ ದಂಡೆ, ಹೆಸರಿಲ್ಲದ ಯಾವುದೋ ಬಿಸಿನೀರಿನ ಬುಗ್ಗೆ. ಅವರು ಮಲಗಿದ ಜಾಗಗಳೆಲ್ಲ ಅವಳಿಗೆ ಬಾಯಿಪಾಠ. ಒಂದರಲ್ಲೂ ಅವಳು ಮಲಗಿರಲಿಲ್ಲ.

ಅವಳ ಗಂಡ ಲೈಲ್ ಇಪ್ಪತ್ತೊಂಬತ್ತು ವರ್ಷ ದೂರದೂರುಗಳಿಗೆ ಲಾರಿ ಓಡಿಸಿದವನು. ತಿಂಗಳಿಗೆ ಐದಾರು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳನ್ನು ಬೆಳೆಸಿದ್ದು, ಚಳಿಗಾಲದಲ್ಲಿ ಅಂಗಳದ ಹಿಮ ಎತ್ತಿದ್ದು, ಒಡೆದ ನೀರಿನ ಪೈಪು ಕಟ್ಟಿದ್ದು ಎಲ್ಲ ನೆಡ್ರಾಳೇ. ಅವನು ಲಾರಿ ಬಿಟ್ಟ ಮೇಲೆ ಇಬ್ಬರೂ ಹೊರಡಬೇಕು ಎಂದು ಅವಳು ಮನಸ್ಸಿನಲ್ಲೇ ಎಷ್ಟೋ ದಾರಿಗಳನ್ನು ಹಾಕಿಟ್ಟಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ. ಲೈಲ್ ಎರಡು ವರ್ಷದ ಹಿಂದೆ ಲಾರಿಯ ಕೀಲಿ ಒಪ್ಪಿಸಿ ಬಂದ. ಅಂದಿನಿಂದ ಒಂದು ರಾತ್ರಿಯನ್ನೂ ಅವನು ಹೊರಗೆ ಕಳೆದಿಲ್ಲ. ಬಾಯ್ಸಿಯಲ್ಲಿರುವ ಮಗಳ ಮನೆಗೆ ಹೋದರೂ ಊಟ ಮುಗಿಸಿ, ನಾಲ್ಕು ಗಂಟೆ ಗಾಡಿ ಓಡಿಸಿ, ತನ್ನ ಹಾಸಿಗೆಗೇ ವಾಪಸು.

ಈ ಏಪ್ರಿಲ್‌ನಲ್ಲಿ ನೆಡ್ರಾ ಹಳೆಯದೊಂದು ಎಸ್‌ಯುವಿ ಕೊಂಡಳು. ಆ ಮಾದರಿಯಲ್ಲೇ ತೀರ ಅಗ್ಗದ್ದು, ಕಂಬಿಯಿಲ್ಲದ ಬೋಳು ಚಾವಣಿ. ಕೆಲವು ಗಾಡಿಗಳಿಗೆ ಕಂಬಿ ಇಲ್ಲದಿದ್ದರೂ ಚಾವಣಿಯ ಪಟ್ಟಿಯ ಕೆಳಗೆ ಕಾರ್ಖಾನೆಯವರೇ ತೂತು ಬಿಟ್ಟಿರುತ್ತಾರೆ. ಇದರಲ್ಲಿ ಪಟ್ಟಿ ಎತ್ತಿ ನೋಡಿದರೆ ಬರೀ ತಗಡು. ಹೊಸದಾಗಿ ತೂತು ಹೊಡೆಯುವ ಕೆಲಸವನ್ನು ಅಂಗಡಿಯಲ್ಲಿ ಮುಟ್ಟುವ ಹಾಗಿಲ್ಲ. ನಾಳೆ ಮಳೆ ಸೋರಿದರೆ ಬೈಸಿಕೊಳ್ಳುವವರು ಯಾರು ಎಂಬುದು ಅಂಗಡಿ ಮಾಲೀಕನ ಮಾತು. ಹಾಗಾಗಿ ಜೂನ್ ತಿಂಗಳ ಒಂದು ಶನಿವಾರ ಅವಳು ಮನೆಯ ಅಂಗಳದಲ್ಲೇ ಕೆಲಸಕ್ಕೆ ಇಳಿದಳು. ಮೇಲಿನಿಂದ ಬೋಲ್ಟು ತಿರುಗಿಸಲು ಒಬ್ಬರು, ಒಳಗೆ ಕೂತು ನಟ್ಟು ಹಿಡಿಯಲು ಇನ್ನೊಬ್ಬರು ಬೇಕು.

"ನಟ್ಟು ಹಿಡಿಯೋಕೆ ಬರ್ತೀನಿ. ಮಲಗೋಕೆ ಅಲ್ಲ," ಎಂದ ಲೈಲ್.

"ನಿನ್ನ ಗೊರಕೆಗೆ ಡೇರೆ ಹರಿದುಹೋಗತ್ತೆ. ಯಾರು ಕರೆದ್ರು ನಿನ್ನ?" ಎಂದಳು ನೆಡ್ರಾ. ಅವನನ್ನು ಕರೆಯಬೇಕೆಂದೇ ಅವಳು ಮೂರು ತಿಂಗಳಿನಿಂದ ಮಾತು ಹುಡುಕುತ್ತಿದ್ದಳು.

ಒಳಗಡೆ ಚಾವಣಿಗೆ ಅಂಟಿಸಿದ ಬಟ್ಟೆಯ ಹಾಸನ್ನು ಇಬ್ಬರೂ ಸೇರಿ ಹುಷಾರಾಗಿ ಕೆಳಗಿಳಿಸಿದರು. ಲೈಲ್ ಹಿಂದಿನ ಸೀಟಿನಲ್ಲಿ ಕತ್ತು ಬಗ್ಗಿಸಿ ಕೂತ. ನೆಡ್ರಾ ಏಣಿ ಹತ್ತಿ ಅಳತೆ ಹಿಡಿದಳು. ಅಂಚಿನಿಂದ ಎಷ್ಟು, ಗಾಜಿನಿಂದ ಎಷ್ಟು ಎಂದು ಎರಡೆರಡು ಸಲ ನೋಡಿ, ಕಾಗದದ ಟೇಪು ಅಂಟಿಸಿ, ಪೆನ್ಸಿಲಿನಲ್ಲಿ ಎಂಟು ಗುರುತು ಹಾಕಿದಳು. ಡ್ರಿಲ್ಲಿನ ಮೊನೆಯನ್ನು ಮೊದಲ ಗುರುತಿನ ಮೇಲೆ ಇಟ್ಟಳು. ತೂತು ಬಿದ್ದ ಮೇಲೆ ಇಲ್ಲವೆನ್ನಲು ಬರುವುದಿಲ್ಲ. ಅವಳು ಡ್ರಿಲ್ ಒತ್ತಿದಳು.

"ಬೆಳಕು ಬಂತು," ಎಂದ ಲೈಲ್ ಒಳಗಿನಿಂದ.

ಕತ್ತರಿಸಿದ ಅಂಚಿಗೆ ತುಕ್ಕು ಹಿಡಿಯದ ಬಣ್ಣ ಸವರಿ, ಒಣಗಲು ಬಿಟ್ಟು, ಸುತ್ತ ಅಂಟು ಹಚ್ಚಿ, ಕಂಬಿ ಇಟ್ಟು, ಬೋಲ್ಟು ಇಳಿಸುವುದು. ಅವನು ಕೆಳಗಿನಿಂದ ವಾಷರು, ನಟ್ಟು ಕೂರಿಸಿ ಸ್ಪ್ಯಾನರು ಹಿಡಿಯುವುದು. ಎಡಬದಿಯ ನಾಲ್ಕು ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಷ್ಟರಲ್ಲಿ ಇಬ್ಬರಿಗೂ ಹದ ಸಿಕ್ಕಿ, ಹೂಂ, ಹಾಂ ಎನ್ನುವುದೂ ನಿಂತುಹೋಗಿತ್ತು. ಬಲಬದಿಯ ಮೊದಲ ಬೋಲ್ಟು ತಿರುಗಿಸುತ್ತ ನೆಡ್ರಾ ಮೂರು ತಿಂಗಳ ಮಾತನ್ನು ಆಡಿಬಿಟ್ಟಳು. ನಡುವೆ ತಗಡೊಂದಿತ್ತು, ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ, ಅವನಿಗೆ ಅವಳದು ಕಾಣುತ್ತಿರಲಿಲ್ಲ. ಅದರಿಂದಲೇ ಇರಬೇಕು, ಸುಲಭವಾಗಿ ಬಂತು.

"ಲೈಲ್, ನನ್ನ ಜೊತೆ ಬಾ. ಒಂದೇ ಒಂದು ರಾತ್ರಿ."

ಸ್ಪ್ಯಾನರು ನಟ್ಟಿನ ಮೇಲೇ ಇತ್ತು, ಬಿಗಿ ಸಡಿಲಲಿಲ್ಲ.

"ನಾನು ಅಷ್ಟು ವರ್ಷ ಲಾರೀಲಿ ಮಲಗಿದ್ದು ಇಷ್ಟೇ ಜಾಗದಲ್ಲಿ ಕಣೇ," ಎಂದ. "ಮೂಗಿನ ಮೇಲೆ ಎರಡು ಗೇಣು ಬಿಟ್ರೆ ತಗಡು. ಪಕ್ಕದ ಲಾರಿಗಳ ಎಂಜಿನ್ನು ಬೆಳಗಾಗೋವರೆಗೂ ಗುರ್ ಅಂತಿರೋದು. ನಿದ್ದೆ ಬರ್ಲಿ ಅಂತ ಏನ್ ಮಾಡ್ತಿದ್ದೆ ಗೊತ್ತಾ? ಕಣ್ಣು ಮುಚ್ಕೊಂಡು ಮನೆ ಒಳಗೆ ಬರ್ತಿದ್ದೆ. ಮುಂಬಾಗಿಲು, ನಿನ್ನ ಕೋಟು ನೇತಾಕಿರೋ ಗೂಟ, ಅಡುಗೆಮನೆ. ಆಮೇಲೆ ಮೆಟ್ಟಿಲು, ಮೂರನೇದು ಕಿರ್ ಅನ್ನೋದು. ರೂಮಿನ ಬಾಗಿಲಿಗೆ ಬರೋದ್ರೊಳಗೆ ನಿದ್ದೆ ಹತ್ತಿಬಿಡೋದು. ಹಾಸಿಗೆವರೆಗೂ ಒಂದ್ಸಲಾನೂ ಬರ್ಲಿಲ್ಲ."

ನೆಡ್ರಾ ಕಂಬಿಯ ಮೇಲೆ ಕೈಯಿಟ್ಟಳು. ಬಿಸಿಲಿಗೆ ಅದು ಸುಡುತ್ತಿತ್ತು. ಅವನಿಲ್ಲದ ಸಂಜೆಗಳಲ್ಲಿ ಮಗಳು ಮಲಗಿದ ಮೇಲೆ ತಾನು ಅಡುಗೆಮನೆಯ ಮೇಜಿನ ಮೇಲೆ ರಸ್ತೆಗಳ ನಕಾಶೆ ಬಿಡಿಸಿಕೊಂಡು ಕೂರುತ್ತಿದ್ದದ್ದು, ಅವನು ಫೋನಿನಲ್ಲಿ ಹೇಳಿದ ಊರಿನಿಂದ ಮುಂದಿನ ಊರಿಗೆ ಬೆರಳು ಸರಿಸುತ್ತ ಲಾರಮಿ, ಶಾಯೆನ್, ನಾರ್ತ್ ಪ್ಲ್ಯಾಟ್ ದಾಟುತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಈಗ ಹೇಳಿದಳು. ದಿನಾ ನಿನ್ನ ಪಕ್ಕದ ಸೀಟಿನಲ್ಲೇ ಕೂತಿರುತ್ತಿದ್ದೆ ಎಂದಳು.

ಕೆಳಗೆ ಲೈಲ್ ಸಣ್ಣಗೆ ನಕ್ಕ ಸದ್ದಾಯಿತು.

"ಅಂದ್ರೆ ನಾನು ಕಣ್ಣು ಮುಚ್ಕೊಂಡು ಬಂದಾಗ ನೀನು ಮನೇಲೇ ಇರ್ತಿರ್ಲಿಲ್ಲ."

"ಇರ್ಲಿಲ್ಲ," ಎಂದಳು ನೆಡ್ರಾ.

ಆಮೇಲೆ ಇಬ್ಬರೂ ಉಳಿದ ಮೂರು ಬೋಲ್ಟು ಹಾಕಿದರು. ಬೇಕಾದಷ್ಟೇ ಬಿಗಿಯಾದಾಗ ಟಕ್ಕೆನ್ನುವ ಸ್ಪ್ಯಾನರಿನಿಂದ ಅವಳು ಎಂಟನ್ನೂ ಮತ್ತೊಮ್ಮೆ ನೋಡಿಕೊಂಡು ಬಂದಳು. ಒಳಗಿನಿಂದ ಅವನು ಅವಳ ಕೈ ಹೋದ ಕಡೆಗೆಲ್ಲ ತಗಡಿನ ಅಡಿಯಲ್ಲಿ ಸರಿಯುತ್ತ ಬಂದ. ನಾಳೆಯವರೆಗೆ ಅಂಟು ಒಣಗಬೇಕು, ಡೇರೆ ಆಮೇಲೆ.

ಗಾಡಿಯಿಂದ ಇಳಿದ ಲೈಲ್‌ನ ತಲೆಗೂದಲ ತುಂಬ ತಗಡಿನ ಸಣ್ಣ ಸುರುಳಿಗಳಿದ್ದವು. ನೆಡ್ರಾ ಒಂದೊಂದಾಗಿ ಅವನ್ನು ಆರಿಸಿ ಅಂಗೈಗೆ ಹಾಕಿಕೊಂಡಳು. ಅವನು ಕಂಬಿಯೊಂದನ್ನು ಹಿಡಿದು, ಲಾರಿಯ ಹೊರೆ ಅಲುಗಾಡಿಸಿ ನೋಡುವವರ ಹಾಗೆ ಬಲವಾಗಿ ಜಗ್ಗಿದ. ಗಾಡಿಯೇ ತೂಗಿತು, ಕಂಬಿ ಮಿಸುಕಲಿಲ್ಲ.

"ನೀನು ಹೋಗು ನೆಡ್ರಾ," ಎಂದ. "ನನ್ನ ಬಿಟ್ಟುಬಿಡು. ನಾನು ಈಗಷ್ಟೇ ಮನೆಗೆ ಬಂದಿದೀನಿ."

ಅವಳು ಆಗಲಿ ಎಂದು ತಲೆಯಾಡಿಸಿದಳು. ಬೇಡಿಕೊಳ್ಳಬಹುದಿತ್ತು, ಇನ್ನೊಮ್ಮೆ ಕೇಳಿದರೆ ಅವನು ಬರುತ್ತಾನೆಂದೂ ಗೊತ್ತಿತ್ತು. ಕೇಳಲಿಲ್ಲ. ಶುಕ್ರವಾರ ಕೆಲಸ ಮುಗಿಸಿ ಹಾಗೇ ಬೆಟ್ಟದ ಆಚೆಗಿನ ಜೌಗಿನ ಕಡೆಗೆ ಹೋಗುತ್ತೇನೆ, ಅಲ್ಲಿ ನೀರುಹಕ್ಕಿಗಳು ಇಳಿಯುತ್ತವಂತೆ, ಎರಡು ರಾತ್ರಿ ಇರುತ್ತೇನೆ ಎಂದಳು.

ಲೈಲ್ ಏಣಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡವನು ಶೆಡ್ಡಿನ ಬಾಗಿಲಲ್ಲಿ ನಿಂತು ತಿರುಗಿದ.

"ಭಾನುವಾರ ಎಷ್ಟೊತ್ತಿಗೆ ಬರ್ತೀಯಾ?"

ಇಪ್ಪತ್ತೊಂಬತ್ತು ವರ್ಷ ಆ ಪ್ರಶ್ನೆ ಕೇಳಿದವಳು ನೆಡ್ರಾ. ಉತ್ತರ ಕೊಡುವವರ ಜಾಗದಲ್ಲಿ ನಿಂತು ಅವಳಿಗೆ ಅಭ್ಯಾಸವಿರಲಿಲ್ಲ. ಕತ್ತಲಾಗುವ ಮುಂಚೆ ಎನ್ನಬೇಕೆಂದುಕೊಂಡಳು. ಹಾಗೆ ಹೇಳಿದರೆ ಅವನು ನಾಲ್ಕು ಗಂಟೆಯಿಂದಲೇ ಕಿಟಕಿಯ ಹತ್ತಿರ ಕೂರುತ್ತಾನೆಂದು ಅವಳಿಗಿಂತ ಚೆನ್ನಾಗಿ ತಿಳಿದವರು ಯಾರು?

"ಊಟಕ್ಕೆ ಕಾಯಬೇಡ," ಎಂದಳು.

"ಕಾಯ್ತೀನಿ," ಎಂದು ಲೈಲ್ ಏಣಿ ಹೊತ್ತು ಒಳಗೆ ಹೋದ.